ತಪ್ಪಾಯ್ತು ಎನ್ನದ ಹುಡುಗಿ

ಸಂಪಾದಕ ಮಾಸ್ತರರ ಫೋನು ಬಂದಾಗ ನಾನು ನಂದೊಳ್ಳಿ ಶಾಲೆಯ ಜಗಲಿಯಲ್ಲಿ ಕೂತು ಮಕ್ಕಳ ಬರವಣಿಗೆಯ ಪಟ್ಟಿ ತಿದ್ದುತ್ತಿದ್ದೆ. ತಾಲೂಕಿನ ಶಿಕ್ಷಕರು ಬರೆದ ಮಕ್ಕಳ ಕಥೆಗಳನ್ನೆಲ್ಲ ಸೇರಿಸಿ ಅವರು ಒಂದು ಪುಸ್ತಕ ಮಾಡುತ್ತಿದ್ದರು. ನನ್ನದೂ ಒಂದಿತ್ತು. ಮಾಸ್ತರರು ಬನವಾಸಿ ಕಡೆಯವರು, ಮಾತು ಬಹಳ ಮೆದು.

"ಕಥಿ ಭಾಳ ಚಲೋ ಐತ್ರಿ ಅಕ್ಕೋರ. ಆದ್ರ ಕಡೀಗೆ ಆ ಹುಡುಗಿ ತಪ್ಪಾತು ಅಂದ್ಬಿಡ್ಲಿ. ಒಂದ ಸಾಲು ಸಾಕು."

"ಯಾಕೆ ಅನ್ನಬೇಕು?"

"ಮಕ್ಕಳ ಕಥಿ ಅಲ್ಲೇನ್ರಿ? ನೀತಿ ಬೇಕಲ್ಲ. ಇಲ್ಲಾಂದ್ರ ಸಮಿತಿಯವ್ರು ಒಪ್ಪೂದಿಲ್ಲ, ಕಥಿ ಬಿಡಬೇಕಾಗ್ತದ."

ಮೈ ಉರಿದುಹೋಯಿತು. ಮೂವತ್ತು ವರ್ಷ ಮಕ್ಕಳ ಜೊತೆ ಏಗಿದವಳಿಗೆ ನೀತಿ ಹೇಳಿಕೊಡಲು ಬಂದಿದ್ದಾರೆ, ನೋಡಿ! ಆದರೂ ಹಿರಿಯರು. ಎರಡು ದಿನ ಬಿಟ್ಟು ಹೇಳುತ್ತೇನೆ ಅಂದೆ. ನನ್ನ ಮೊದಲ ಕಥೆ ಅಚ್ಚಾಗುವುದಿತ್ತು. ಆಸೆ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ.

ಕಥೆ ನನ್ನದೇ. ಮನ್ಮನೆ ಊರಿನ ನಮ್ಮ ಮನೆಯಲ್ಲಿ ತೊಡೆದೇವು ಎಂಬ ಸಿಹಿತಿಂಡಿ ಮಾಡುವ ಅಧಿಕಾರ ದೊಡ್ಡಾಯಿಗೆ ಮಾತ್ರ. ದೊಡ್ಡಾಯಿ ಅಂದರೆ ಅಪ್ಪನ ಅಣ್ಣನ ಹೆಂಡತಿ. ಒಲೆಯ ಮೇಲೆ ಗಡಿಗೆಯನ್ನು ಬೋರಲು ಹಾಕಿ, ಅದರ ಬೆನ್ನು ಕಾದಮೇಲೆ ಕಬ್ಬಿನ ಹಾಲಲ್ಲಿ ಕಲಸಿದ ಅಕ್ಕಿಹಿಟ್ಟನ್ನು ಬಟ್ಟೆಯಲ್ಲಿ ಅದ್ದಿ ಸರ್ರನೆ ತೊಡೆಯುವುದು. ಕಣ್ಣುಮುಚ್ಚಿ ತೆಗೆಯುವುದರೊಳಗೆ ಕಾಗದದಷ್ಟು ತೆಳುವಾದ ಹಾಳೆ ಎದ್ದು ಬರುತ್ತಿತ್ತು. ನಮಗೆ ತಿನ್ನಲು ಬೇಕಾದಷ್ಟು ಸಿಗುತ್ತಿತ್ತು. ನನಗೆ ತಿನ್ನುವುದು ಬೇಡ, ತೊಡೆಯುವುದು ಬೇಕಿತ್ತು. ಆ ಬಟ್ಟೆ ಹಿಡಿಯಬೇಕು ಅಂತ ಕೈ ತುರಿಸುತ್ತಿತ್ತು. ಕೇಳಿದರೆ ದೊಡ್ಡಾಯಿಯದು ಒಂದೇ ಉತ್ತರ: "ಮದ್ವೆ ಆದ್ಮೇಲೆ ನಿನ್ನತ್ತೆ ಕಲಿಸ್ತು, ಹೋಗೇ ಕೂಸೇ."

ನನಗಾಗ ಒಂಬತ್ತು ವರ್ಷ. ಅತ್ತೆ ಬರುವವರೆಗೆ ಯಾರು ಕಾಯುತ್ತಾರೆ?

ಒಂದು ದಿನ ಮನೆಮಂದಿಯೆಲ್ಲ ಪಕ್ಕದ ಕೇರಿಗೆ ಮುಂಜಿ ಊಟಕ್ಕೆ ಹೋದರು. ನಾನು ಹೊಟ್ಟೆನೋವು ಅಂತ ಉಳಿದೆ. ಬೆಳಗಿನ ಹಿಟ್ಟು ಪಾತ್ರೆಯ ತಳದಲ್ಲಿತ್ತು, ಒಲೆಯಲ್ಲಿ ಕೆಂಡವಿತ್ತು. ಮೊದಲನೆಯದು ಹಿಡಿದುಕೊಂಡು ಸೀದುಹೋಯಿತು. ಎರಡನೆಯದು ಹರಿದು ಚಿಂದಿಯಾಯಿತು. ಮೂರನೆಯದು ಎದ್ದಿತು! ಬೆಳಕಿಗೆ ಹಿಡಿದರೆ ಆಚೆ ಬದಿಯ ನನ್ನ ಬೆರಳು ಕಾಣುತ್ತಿತ್ತು. ಅಂಥ ಸಂತೋಷ ನನಗೆ ಆಮೇಲೆ ನೌಕರಿ ಸಿಕ್ಕಾಗಲೂ ಆಗಲಿಲ್ಲ, ಆಣೆ ಮಾಡಿ ಹೇಳುತ್ತೇನೆ.

ಆಮೇಲೆ ಹೆದರಿಕೆ ಹತ್ತಿತು. ಗಡಿಗೆಯ ಬೆನ್ನಿಗೆಲ್ಲ ಸೀದ ಹಿಟ್ಟು ಅಂಟಿತ್ತು. ಸುಳಿವು ಸಿಗಬಾರದು ಅಂತ ಬಚ್ಚಲಿಗೆ ಒಯ್ದು, ಬಟ್ಟೆ ಒಗೆಯುವ ಸೋಪಿನ ಪುಡಿ ಹಾಕಿ, ತೆಂಗಿನ ನಾರಿನಲ್ಲಿ ಗಸಗಸ ತಿಕ್ಕಿದೆ. ಹೊಸ ಗಡಿಗೆಯಂತೆ ಕೆಂಪಗಾಯಿತು. ಭಲೇ ಜಾಣೆ ಅಂದುಕೊಂಡೆ.

ತೊಡೆದೇವು ಗಡಿಗೆಯನ್ನು ತೊಳೆಯುವುದಿಲ್ಲ. ಬಟ್ಟೆಯಲ್ಲಿ ಒರೆಸಿ ಇಡುತ್ತಾರೆ, ಅಷ್ಟೇ. ವರ್ಷಗಟ್ಟಲೆ ಎಣ್ಣೆ ಕುಡಿದು ಪಳಗಿದ್ದಕ್ಕೇ ಅದರ ಮೇಲೆ ಹಾಳೆ ಏಳುವುದು. ಮರುದಿನ ನೆಂಟರೆದುರು ದೊಡ್ಡಾಯಿ ತೊಡೆದದ್ದು ಒಂದೂ ಏಳಲಿಲ್ಲ. ಗಡಿಗೆಯನ್ನು ಮೂಸಿ ನೋಡಿದಳು. ಸೋಪಿನ ವಾಸನೆ. ಆ ಗಡಿಗೆ ಅವಳ ಅತ್ತೆ ಕೊಟ್ಟದ್ದು. ಅವಳ ಕಣ್ಣಲ್ಲಿ ನೀರು ಬಂತು. ಹೊಡೆದಿದ್ದರೆ ಚೆನ್ನಾಗಿತ್ತು. ಅಪ್ಪ ನನ್ನನ್ನು ಎಲ್ಲರ ಮುಂದೆ ನಿಲ್ಲಿಸಿದ. ಕಿವಿ ಹಿಡಿದುಕೊಂಡು, "ತಪ್ಪಾತು, ಇನ್ನು ಮುಟ್ತ್ನಿಲ್ಲೆ" ಅಂದೆ.

ನಾನು ಬರೆದ ಕಥೆಯಲ್ಲಿ ಉಳಿದದ್ದೆಲ್ಲ ಹಾಗೆಯೇ ಇದೆ. ಹುಡುಗಿ ಅಳುತ್ತಾಳೆ, ದೊಡ್ಡಾಯಿಯ ಪಕ್ಕ ಹೋಗಿ ಕೂರುತ್ತಾಳೆ, ಆದರೆ ತಪ್ಪಾಯ್ತು ಅನ್ನುವುದಿಲ್ಲ. ಅದೊಂದೇ ವ್ಯತ್ಯಾಸ.

ಮಾಸ್ತರರ ಮಾತು ತಲೆ ಕೊರೆಯುತ್ತಿತ್ತು. ಮರುದಿನ ಕ್ಲಾಸಿನಲ್ಲಿ ಕಥೆ ಓದಿದೆ. ಸೋಪು ಹಾಕಿ ತಿಕ್ಕಿದಲ್ಲಿಗೆ ಬಂದಾಗ "ಅಯ್ಯೋ!" ಅಂತ ಇಡೀ ಕ್ಲಾಸು ಬಾಯಿಮೇಲೆ ಕೈಯಿಟ್ಟಿತು. ಇವರಿಗೆ ಯಾರ ನೀತಿಯೂ ಬೇಕಿರಲಿಲ್ಲ, ಏನು ಹಾಳಾಯಿತು ಅಂತ ಗೊತ್ತಾಗಿತ್ತು. ಮುಗಿದಮೇಲೆ ಒಬ್ಬಳು ಎದ್ದು ನಿಂತಳು. ಸದಾ ಕಿಟಕಿಯಾಚೆ ನೋಡುವ ಹುಡುಗಿ.

"ಅಕ್ಕೋರೇ, ಅವ್ಳು ಮತ್ತೆ ಮಾಡಿದ್ಲಾ?"

"ಅವಳು ಅಂದ್ರೆ ನಾನೇ ಕಣೇ. ಇಲ್ಲ, ಮತ್ತೆ ಮಾಡಲಿಲ್ಲ."

"ಎಂತಕ್ಕೆ?"

"ತಪ್ಪಾಯ್ತು, ಇನ್ನು ಮುಟ್ಟೋದಿಲ್ಲ ಅಂತ ಹೇಳಿಬಿಟ್ಟಿದ್ದೆ."

ಅವಳು ನನ್ನನ್ನು ನೋಡಿದ ರೀತಿಗೆ ನಾಚಿಕೆಯಾಯಿತು. "ಮೂರನೇದು ಎದ್ದಿತ್ತಲ್ಲಾ!" ಅಂದಳು.

ಹೌದು ಮಾರಾಯ್ತಿ, ಎದ್ದಿತ್ತು. ಐವತ್ತು ದಾಟಿದೆ, ಇವತ್ತಿಗೂ ಶಿರಸಿ ಪೇಟೆಯಿಂದ ಪ್ಯಾಕೆಟ್ ತಂದು ತಿನ್ನುತ್ತೇನೆ. ಮದುವೆಯಾದಮೇಲೆ ನನ್ನತ್ತೆ ಕಲಿಸಲು ಕರೆದಾಗಲೂ, ಬೇಡ, ನನಗೆ ಬರುವುದಿಲ್ಲ ಅಂದವಳು ನಾನು. ಗಡಿಗೆ ಹಾಳುಮಾಡಿದ್ದು ತಪ್ಪೇ, ಒಪ್ಪುತ್ತೇನೆ. ಆದರೆ ಅವತ್ತು ಕಿವಿ ಹಿಡಿದು ನಿಂತವಳಿಗೆ ಗಡಿಗೆ ತೊಳೆದದ್ದು ತಪ್ಪೋ, ಆಸೆಪಟ್ಟದ್ದೇ ತಪ್ಪೋ ಅಂತ ಯಾರೂ ಬಿಡಿಸಿ ಹೇಳಲಿಲ್ಲ. ನಾನು ಎರಡನ್ನೂ ಬಿಟ್ಟುಬಿಟ್ಟೆ.

ಶಾಲೆ ಬಿಟ್ಟ ಕೂಡಲೇ ಫೋನು ಹಚ್ಚಿದೆ.

"ಮಾಸ್ತರೇ, ಆ ಸಾಲು ಬರೆಯೋದಿಲ್ಲ."

"ಒಂದ ಸಾಲಲ್ರೀ ಅಕ್ಕೋರ, ಯಾಕಿಷ್ಟು ಹಟ?"

"ಆ ಒಂದು ಸಾಲನ್ನ ನಾನು ಹೇಳಿ ಆಗಿದೆ. ಈ ಹುಡುಗಿ ಬಾಯಲ್ಲಿ ಹೇಳಿಸೋದಿಲ್ಲ. ಬಿಡೋದಾದ್ರೆ ಕಥೆ ಬಿಡಿ."

ಬಿಟ್ಟರು. ಪುಸ್ತಕ ಬಂದ ದಿನ ಒಳಗೊಳಗೇ ಸಂಕಟವಾಯಿತು, ಯಾಕೆ ಮುಚ್ಚಿಡಲಿ. ಮರುದಿನ ಯಲ್ಲಾಪುರಕ್ಕೆ ಹೋಗಿ ಕ್ಲಾಸಿನ ಎಲ್ಲ ಮಕ್ಕಳಿಗೆ ಒಂದೊಂದರಂತೆ ನನ್ನ ಕಥೆಯನ್ನು ಝೆರಾಕ್ಸ್ ಮಾಡಿಸಿ ತಂದೆ. ಕೊನೆಗೆ ಒಂದು ಸಾಲು ಸೇರಿಸಿದ್ದೆ, ಮಾಸ್ತರರು ಕೇಳಿದ್ದಲ್ಲ: "ಅವಳು ಕಣ್ಣೊರೆಸಿಕೊಂಡು, ದೊಡ್ಡಾಯಿಯ ಕೈಯಿಂದ ತೊಡೆಯುವ ಬಟ್ಟೆ ತೆಗೆದುಕೊಂಡಳು."