ಬಾಗಿಲ ಮೇಲಿನ ಬಲ್ಬು

ಒಂದು ಬಲ್ಬು ಉರಿಸಿಡಬೇಕಿತ್ತು. ರಾತ್ರಿ ಹತ್ತೂವರೆಯವರೆಗೆ, ಅಷ್ಟೇ. ಆ ಒಂದು ದಿನ ನಾನು ಅದನ್ನು ಮಾಡಲಿಲ್ಲ. ಯಾಕೆ ಮಾಡಲಿಲ್ಲ ಎಂದು ಕೇಳಿದವರಿಗೆ ಸುಳ್ಳು ಹೇಳಿದೆ. ಆ ಸುಳ್ಳಿಗೆ ಈಗ ನಾಲ್ಕು ವರ್ಷ.

ಇದೆಲ್ಲ ಮತ್ತೆ ಎದ್ದು ಕೂತದ್ದು ಅಲಮಾರದ ಮೇಲಿದ್ದ ಒಂದು ಚಾರ್ಜಿಂಗ್ ಲೈಟಿನಿಂದ. ಹೋದ ವಾರ ಧೂಳು ಹೊಡೆಯುವಾಗ ಕೈಗೆ ಸಿಕ್ಕಿತು. ತಂದ ದಿನದ ಪ್ಲಾಸ್ಟಿಕ್ ಚೀಲದಲ್ಲೇ ಇತ್ತು. ಗುಂಡಿ ಒತ್ತಿದೆ, ಹತ್ತಲಿಲ್ಲ. ನಾಲ್ಕು ವರ್ಷ ಒಮ್ಮೆಯೂ ಚಾರ್ಜಿಗೆ ಹಾಕದಿದ್ದರೆ ಅದಾದರೂ ಎಲ್ಲಿಂದ ಹತ್ತೀತು? ಅದನ್ನು ನನಗೆ ಕೊಟ್ಟವನು ನನ್ನ ತಮ್ಮ ಬಸಣ್ಣ. ಯಾಕೆ ಕೊಟ್ಟ ಎಂಬುದನ್ನು ನಿಮಗೆ ಹೇಳಬೇಕು. ನಾನು ಓದಿದ್ದು ಏಳನೆಯ ತರಗತಿ. ಹಿಂದಿನದು ಮುಂದೆ, ಮುಂದಿನದು ಹಿಂದೆ ಆದರೆ ನೀವೇ ಸರಿಮಾಡಿಕೊಳ್ಳಿ.

ನಾನಿರುವುದು ದಾವಣಗೆರೆಯ ಸರಸ್ವತಿ ನಗರದ ಹಿಂಭಾಗದ ಒಂದು ಓಣಿಯಲ್ಲಿ. ಯಜಮಾನರು ಹೋಗಿ ಹನ್ನೆರಡು ವರ್ಷ. ಮಕ್ಕಳಿಲ್ಲ. ಜೋಳದ ರೊಟ್ಟಿ ಬಡಿದು ಮೆಸ್ಸುಗಳಿಗೆ, ಸಮಾರಂಭಗಳಿಗೆ ಕೊಡುತ್ತೇನೆ. ಓಣಿಯವರಿಗೆಲ್ಲ ನಾನು ರೊಟ್ಟಿ ಅಕ್ಕಾರು. ನನ್ನ ನಿಜವಾದ ಹೆಸರು ರೇಷನ್ ಕಾರ್ಡಿನಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿಲ್ಲ. ಬೆಳಿಗ್ಗೆ ನಾಲ್ಕೂವರೆಗೆ ಏಳುವವಳು ರಾತ್ರಿ ಬೇಗ ಮಲಗಬೇಕು. ಆದರೆ ಒಂಟಿ ಮನೆಯಲ್ಲಿ ನಿದ್ದೆ ಹೇಳಿದ ಹೊತ್ತಿಗೆ ಬರುವುದಿಲ್ಲ. ಹಾಗಾಗಿ ಬಾಗಿಲ ಮೆಟ್ಟಿಲ ಮೇಲೆ ಕೂತು ರಸ್ತೆ ನೋಡುವುದು ನನಗೆ ಮೊದಲಿನಿಂದಲೂ ಅಭ್ಯಾಸ.

ಓಣಿ ಮುಗಿದು ದೊಡ್ಡ ರಸ್ತೆ ಸಿಗುವ ಮೂಲೆಯಲ್ಲಿ ಬಸಣ್ಣನ ಮಂಡಕ್ಕಿ ಮೆಣಸಿನಕಾಯಿ ಗಾಡಿ ಇತ್ತು. ಅವನ ಸಂಸಾರ ಹರಿಹರದಲ್ಲಿ. ದಿನಾ ಮಧ್ಯಾಹ್ನದ ಬಸ್ಸಿಗೆ ಬಂದು, ರಾತ್ರಿ ಹನ್ನೊಂದಕ್ಕೆ ಗಾಡಿ ಮುಚ್ಚಿ, ಯಾವುದಾದರೂ ಬಸ್ಸು ಹಿಡಿದು ಹೋಗುತ್ತಿದ್ದ. ಅವನ ಮಂಡಕ್ಕಿಯ ಗುಟ್ಟು ಕೇಳಿದರೆ ಇವತ್ತಿಗೂ ಹೇಳುವುದಿಲ್ಲ. ನಮ್ಮವ್ವನಿಂದ ಕಲಿತ ಒಗ್ಗರಣೆ ಅದು. ನನಗೂ ಬರುತ್ತದೆ, ಆದರೆ ಅವನ ಕೈರುಚಿ ನನಗಿಲ್ಲ. ನೋಡಿ, ಆಗಲೇ ದಾರಿ ತಪ್ಪಿದೆ.

ಊರಿನ ಕಾಲೇಜುಗಳಿಗೆ ಬೇರೆ ದೇಶಗಳಿಂದ ಹುಡುಗ ಹುಡುಗಿಯರು ಬರುತ್ತಾರಲ್ಲ, ಅವರಲ್ಲಿ ಮೂವರು ಹುಡುಗಿಯರು ನಮ್ಮ ಓಣಿಯ ಕಟ್ಟಕಡೆಯ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದರು. ಅವರಿಗೆ ನಮ್ಮೂರಿನಲ್ಲಿ ರಾತ್ರಿ ಎಂದರೆ ಏನಿತ್ತು ಹೇಳಿ? ಕುಣಿಯುವ ಜಾಗವಿಲ್ಲ, ಹಾಡುವ ಜಾಗವಿಲ್ಲ. ಅವರ ರಾತ್ರಿಯೆಲ್ಲ ಬಸಣ್ಣನ ಗಾಡಿಯ ಸುತ್ತ ಹಾಕಿದ ಆರು ಪ್ಲಾಸ್ಟಿಕ್ ಕುರ್ಚಿಗಳಲ್ಲಿತ್ತು. ಅಲ್ಲಿಯೇ ಹುಟ್ಟುಹಬ್ಬ, ಅಲ್ಲಿಯೇ ಪರೀಕ್ಷೆ ಮುಗಿದ ಖುಷಿ, ಅಲ್ಲಿಯೇ ಮನೆಗೆ ಫೋನು ಮಾಡಿ ಅಳುವುದು. ಬೇರೆ ಓಣಿಗಳಲ್ಲಿದ್ದ ಹೊರದೇಶದ ಹುಡುಗರೂ ಬಂದು ಸೇರುತ್ತಿದ್ದರು. ಮೆಣಸಿನಕಾಯಿ ಬಜ್ಜಿ ಕಚ್ಚಿ ಕಣ್ಣಲ್ಲಿ ನೀರು ಸುರಿಸುತ್ತ ಮತ್ತೊಂದು ಕೊಡು ಎನ್ನುತ್ತಿದ್ದರು.

ಆ ಮೂವರಲ್ಲಿ ನೀಮಾ ಎಂಬವಳು ಟಾಂಜಾನಿಯಾ ದೇಶದವಳು, ಡಾಕ್ಟರಿಕೆ ಓದುತ್ತಿದ್ದಳು. ಬಸಣ್ಣ ಅವಳನ್ನು ಎರಡೇ ದಿನದಲ್ಲಿ ನೀಮಕ್ಕ ಮಾಡಿದ. ಅವಳಿಗೆ ಒಂದು ಮಾತು ಕಲಿಸಿದ. ಓಣಿಯಲ್ಲಿ ನನ್ನ ಮನೆ ದಾಟುವಾಗಲೆಲ್ಲ ಅವಳು ಅದನ್ನು ತಪ್ಪದೆ ಹೇಳುತ್ತಿದ್ದಳು.

"ಅಕ್ಕಾ, ಊಟ ಆತಾ?"

"ಆತು," ಎನ್ನುತ್ತಿದ್ದೆ ನಾನು. ಉಂಡಿರಲಿ, ಉಣದಿರಲಿ, ಆತು. ಇಡೀ ದಿನದಲ್ಲಿ ನನ್ನನ್ನು ಆ ಮಾತು ಕೇಳುವವಳು ಅವಳೊಬ್ಬಳೇ.

ಆಮೇಲೆ ನಿಯಮಗಳು ಬಂದವು. ಬೇರೆ ಯಾವುದೋ ಬಡಾವಣೆಯಲ್ಲಿ ಪುಂಡರು ಹೊರದೇಶದ ಹುಡುಗಿಯೊಬ್ಬಳನ್ನು ಪೀಡಿಸಿದರೆಂದು ಸುದ್ದಿಯಾಗಿತ್ತು. ಮೊದಲು ಪೊಲೀಸರು ಬಂದು ಕುರ್ಚಿ ಹಾಕಬಾರದು ಎಂದರು. ಮುಂದಿನ ತಿಂಗಳು ಗಾಡಿಗಳು ಹತ್ತಕ್ಕೆ ಮುಚ್ಚಬೇಕು ಎಂದರು. ಆಮೇಲೆ ಒಂಬತ್ತೂವರೆ. ಲೈಟು ಕಂಬಕ್ಕೆ ಅಂಟಿಸಿದ ಕಾಗದವನ್ನು ಬಸಣ್ಣನಿಗೆ ಅಕ್ಷರ ಕೂಡಿಸಿ ಓದಿ ಹೇಳಿದವಳು ನಾನೇ. "ವಿದೇಶಿ ಪ್ರಜೆಗಳ ಸುರಕ್ಷತೆಗಾಗಿ" ಎಂದಿತ್ತು. ಪ್ರಜೆಗಳು ಎಂದರೆ ರಾಜನ ಕತೆಯಲ್ಲಿ ಬರುವವರು ಎಂದಷ್ಟೇ ನನಗೆ ಶಾಲೆಯಿಂದ ನೆನಪಿದ್ದುದು. ಸ್ವಲ್ಪ ಹೊತ್ತು ತಬ್ಬಿಬ್ಬಾದೆ.

ಬಸಣ್ಣ ನಕ್ಕ. "ನೀಮಕ್ಕನ ಸಲುವಾಗಿ ನನ್ನ ಗಾಡಿ ಮುಚ್ಚಸ್ತಾರಂತೆ ನೋಡಕ್ಕ. ಆಕಿಗೆ ಡ್ಯೂಟಿ ಬಿಡೋದೇ ಹತ್ತಕ್ಕೆ. ಗಾಡಿ ಇದ್ರೆ ಮೂಲ್ಯಾಗೆ ಬೆಳಕು, ನಾಕು ಮಂದಿ. ಗಾಡಿ ಹೋದ್ರೆ ಏನೈತೆ ಅಲ್ಲಿ?"

ಏನೂ ಇರಲಿಲ್ಲ. ಆಗ ಓಣಿಯನ್ನು ಒಳಚರಂಡಿಗೆಂದು ಅಗೆದು ಹಾಕಿದ್ದರು. ಆಟೋ ಒಳಗೆ ಬರುತ್ತಿರಲಿಲ್ಲ. ಬೀದಿ ದೀಪ ಕೆಟ್ಟು ತಿಂಗಳಾಗಿತ್ತು. ಜೊತೆಯ ಹುಡುಗಿಯರಿಗೆ ಹಗಲಿನ ಕೆಲಸ, ನೀಮಾ ಒಬ್ಬಳಿಗೇ ಆಸ್ಪತ್ರೆಯಲ್ಲಿ ರಾತ್ರಿ ಹತ್ತರವರೆಗೆ. ಬಸಣ್ಣ ಗಾಡಿ ಮುಚ್ಚಿ ಎರಡು ದಿನ ಅವಳಿಗಾಗಿ ಮೂಲೆಯಲ್ಲಿ ಸುಮ್ಮನೆ ನಿಂತು ನೋಡಿದ. ಗಸ್ತಿನವರು ಬಂದು, ಈ ಹೊತ್ತಿನಲ್ಲಿ ಯಾರಿಗಾಗಿ ಕಾಯುತ್ತಿದ್ದೀಯ ಎಂದು ಗದರಿ ಕಳಿಸಿದರು. ಮೂರನೆಯ ದಿನ ನನ್ನ ಹತ್ತಿರ ಬಂದ.

"ಅಕ್ಕ, ನಿನ್ನ ಬಾಗಲ ಮ್ಯಾಲಿನ ಬಲ್ಬು ಹತ್ತೂವರಿ ತನ ಹಾಕಿರು. ನೀನೂ ಹೆಂಗಿದ್ರೂ ಮೆಟ್ಲಮ್ಯಾಲೆ ಕುಂತಿರ್ತಿ. ಆಕಿ ದಾಟಿದ ಮ್ಯಾಲೆ ಆರ್ಸು. ಬ್ಯಾರೆ ಏನೂ ಬ್ಯಾಡ."

"ಇದಕ್ಕೇನು ದೊಡ್ಡ ಮಾತು, ಹೋಗೋ," ಎಂದೆ.

ಎರಡು ತಿಂಗಳು ಹಾಗೆ ನಡೆಯಿತು. ನಿಜ ಹೇಳುತ್ತೇನೆ, ಆ ಎರಡು ತಿಂಗಳು ನಾನು ಒಂಟಿ ಎಂದು ಅನ್ನಿಸಲೇ ಇಲ್ಲ. ಮೂಲೆಯಲ್ಲಿ ಆಟೋ ನಿಂತ ಸದ್ದು, ಅಗೆದ ಓಣಿಯಲ್ಲಿ ಕಲ್ಲಿನಿಂದ ಕಲ್ಲಿಗೆ ಅವಳು ದಾಟುವ ಸದ್ದು, ಆಮೇಲೆ ಊಟ ಆತಾ. ಕೆಲವು ದಿನ ಮೆಟ್ಟಿಲ ಮೇಲೆ ಕೂತು ಒಂದು ರೊಟ್ಟಿ ತಿಂದು ಹೋಗುತ್ತಿದ್ದಳು. ನಮ್ಮಲ್ಲಿ ಒಬ್ಬರ ಮಾತು ಒಬ್ಬರಿಗೆ ತಿಳಿಯುತ್ತಿರಲಿಲ್ಲ. ಅವಳು ತನ್ನ ಅಮ್ಮನ ಫೋಟೊ ತೋರಿಸುತ್ತಿದ್ದಳು, ನಾನು ಯಜಮಾನರ ಫೋಟೊ ತೋರಿಸುತ್ತಿದ್ದೆ. ಇಬ್ಬರೂ ತಲೆಯಾಡಿಸುತ್ತಿದ್ದೆವು.

ಒಂದು ದಿನ ಓಣಿಯ ಒಂದು ಮನೆಯಲ್ಲಿ ಮಗುವಿಗೆ ಹೆಸರಿಡುವ ಕಾರ್ಯಕ್ರಮ. ನೂರು ರೊಟ್ಟಿ ತಲುಪಿಸಲು ಹೋಗಿದ್ದೆ. ಹೆಂಗಸರೆಲ್ಲ ಹಜಾರದಲ್ಲಿ ಕೂತಿದ್ದರು. ಎದುರು ಮನೆಯ ಶಾರದಮ್ಮ ಎಲ್ಲರಿಗೂ ಕೇಳುವಂತೆ ಶುರುಮಾಡಿದರು.

"ಬರ್ರಿ ರೊಟ್ಟಿ ಅಕ್ಕಾರೆ, ಕೂಡ್ರಿ. ರಾತ್ರಿಯೆಲ್ಲ ಬಾಗಲಾಗೆ ಲೈಟು ಹಾಕ್ಕಂಡು ಕುಂದರ್ತೀರಂತೆ? ಯಾರ ದಾರಿ ಕಾಯ್ತೀರ್ರಿ?"

"ಫಾರಿನ್ನಾರು ಬರ್ತಾರಂತಲ್ಲ," ಎಂದಳು ಇನ್ನೊಬ್ಬಳು. "ರೊಟ್ಟಿ ಹಿಡಿಸ್ಯಾವೋ ಏನೋ."

ಎಲ್ಲರೂ ನಕ್ಕರು. ಮಗುವಿನ ಅಜ್ಜಿಯೂ ನಕ್ಕರು. ನಾನೂ ನಕ್ಕೆ, ಅದೇ ನನಗೆ ಇವತ್ತಿಗೂ ಸಿಟ್ಟು. ಆ ಹುಡುಗಿ ಡಾಕ್ಟರಿಕೆ ಓದುತ್ತಾಳೆ, ಕತ್ತಲಲ್ಲಿ ಬೀಳದಿರಲಿ ಎಂದು ದೀಪ ಹಾಕುತ್ತೇನೆ ಎಂದು ಹೇಳಬಹುದಿತ್ತು. ನಾಲ್ಕು ಮಾತು. ಗಂಡನಿಲ್ಲದ ಹೆಂಗಸು ಬಾಗಿಲಲ್ಲಿ ದೀಪ ಹಾಕಿ ಕೂತರೆ ಜನ ಏನೆಂದುಕೊಳ್ಳುತ್ತಾರೆ ಎಂಬುದು ನನ್ನ ತಲೆಯಲ್ಲಿ ಅಷ್ಟು ದಿನ ಬಂದೇ ಇರಲಿಲ್ಲ. ಅವತ್ತು ಬಂತು, ಬಂದದ್ದು ಹೋಗಲಿಲ್ಲ.

ಅವತ್ತು ಒಂಬತ್ತೂವರೆಗೇ ಬಲ್ಬು ಆರಿಸಿದೆ. ಚಿಲಕ ಹಾಕಿ, ಒಳಗಿನ ದೀಪವನ್ನೂ ಆರಿಸಿ, ಬಾಗಿಲಿಗೆ ಬೆನ್ನು ಕೊಟ್ಟು ಕೂತೆ. ಒಂದು ದಿನ ಅಲ್ಲವೇ, ಮೊಬೈಲಿನ ಬೆಳಕಿನಲ್ಲಿ ಹೋಗುತ್ತಾಳೆ ಎಂದು ನನಗೆ ನಾನೇ ಹೇಳಿಕೊಂಡೆ. ಆಟೋ ನಿಂತ ಸದ್ದು ಬಂತು. ಆಟೋ ಹೋದ ಸದ್ದು ಬಂತು. ಅದರ ಹಿಂದೆಯೇ ಒಂದು ಬೈಕಿನ ಸದ್ದು, ಇಬ್ಬರು ಗಂಡಸರ ನಗು. ಅವಳ ಹೆಜ್ಜೆ ಜೋರಾಯಿತು. ನನ್ನ ಬಾಗಿಲ ಮುಂದೆ ನಿಂತಿತು.

"ಅಕ್ಕಾ," ಎಂದಳು. ಬಾಗಿಲು ಬಡಿದಳು. "ಅಕ್ಕಾ! ಅಕ್ಕಾ!"

ನನ್ನ ಬೆನ್ನಿಗೂ ಅವಳ ಕೈಗೂ ನಡುವೆ ಇದ್ದದ್ದು ಒಂದು ಹಲಗೆ. ಚಿಲಕ ನನ್ನ ತಲೆಯ ಮೇಲೆಯೇ ಇತ್ತು. ಶಾರದಮ್ಮನ ಕಿಟಕಿ ತೆರೆದಿರುತ್ತದೆ ಎಂದು ನಾನು ಯೋಚಿಸುತ್ತಿದ್ದೆ. ನಾನು ಏಳಲಿಲ್ಲ.

ಅವಳು ಓಡಿದಳು. ಅಗೆದ ಗುಂಡಿಯಲ್ಲಿ ಬಿದ್ದಳು. ಬಿದ್ದಾಗ ಕಿರುಚಿದ್ದಕ್ಕೆ ಅಕ್ಕಪಕ್ಕದ ಬಾಗಿಲುಗಳು ತೆರೆದವು, ಬೈಕಿನವರು ಪರಾರಿಯಾದರು. ಎಲ್ಲರಿಗಿಂತ ಕೊನೆಗೆ ತೆರೆದದ್ದು ನನ್ನ ಬಾಗಿಲು. ಅವಳ ಬಲಗೈ ಮುರಿದಿತ್ತು.

ಬೆಳಿಗ್ಗೆ ಬಸಣ್ಣ ಓಡಿ ಬಂದ. "ಅಕ್ಕ, ಬಲ್ಬು ಹಾಕಿದ್ದಿಲ್ಲೇನು?"

"ಕರೆಂಟು ಹೋಗಿತ್ತೋ," ಎಂದೆ.

ನಮ್ಮೂರಿನಲ್ಲಿ ಈ ಮಾತಿಗೆ ಯಾರೂ ಸಾಕ್ಷಿ ಕೇಳುವುದಿಲ್ಲ. ಅವನೂ ಕೇಳಲಿಲ್ಲ. ನೀಮಾ ಕೈಗೆ ಪಟ್ಟಿ ಹಾಕಿಸಿಕೊಂಡು ಬಂದಾಗ ಅವಳಿಗೂ ಅವನೇ ಹೇಳಿದ. ಅವಳು ಎಡಗೈಯಿಂದ ನನ್ನ ಕೆನ್ನೆ ಮುಟ್ಟಿ, "ಕರೆಂಟ್ ಇಲ್ಲ, ಅಕ್ಕ ಏನ್ ಮಾಡ್ತಾಳೆ," ಎಂದಳು. ನನ್ನನ್ನು ಸಮಾಧಾನ ಮಾಡಲೆಂದೇ ಆ ಮಾತನ್ನು ಅವನಿಂದ ಕಲಿತು ಬಂದಿದ್ದಳು.

ಆಮೇಲೆ ನಿಯಮ ಇನ್ನೂ ಬಿಗಿಯಾಯಿತು. ಹೊರದೇಶದವರು ಎಂಟಕ್ಕೇ ಒಳಗಿರಬೇಕೆಂದು ಮನೆ ಮಾಲೀಕರು ತಾಕೀತು ಮಾಡಿದರು. ನೀಮಾ ಗೇಟು, ಕಾವಲು ಇರುವ ಕಾಲೇಜಿನ ಹಾಸ್ಟೆಲಿಗೆ ಹೋದಳು, ಓದು ಮುಗಿಸಿ ಊರಿಗೆ ಹೋದಳು. ಈ ಗಾಡಿಯ ಚಟದಿಂದಲೇ ಅವರೆಲ್ಲ ರಾತ್ರಿ ತಿರುಗುವುದು ಎಂದು ಬಸಣ್ಣನ ಗಾಡಿಯನ್ನು ಮೂಲೆಯಿಂದಲೇ ಎಬ್ಬಿಸಿದರು. ಅವನು ಅದನ್ನು ಹರಿಹರಕ್ಕೆ ಸಾಗಿಸಿದ. ಹೋಗುವ ದಿನ ಈ ಚಾರ್ಜಿಂಗ್ ಲೈಟು ತಂದುಕೊಟ್ಟ. "ಕರೆಂಟು ಹೋದ್ರೂ ನೀನು ಕತ್ಲಾಗೆ ಕುಂದರಬಾರ್ದು," ಎಂದ. ಮೂಲೆ ಖಾಲಿಯಾಯಿತು. ಆಮೇಲೆ ನನಗೆ ಊಟ ಆತಾ ಎಂದು ಕೇಳಿದವರಿಲ್ಲ.

ಧೂಳು ಹೊಡೆದ ಆ ಸಂಜೆಯೇ ಬಸಣ್ಣನ ಫೋನು ಬಂತು. ಈಗ ತಡರಾತ್ರಿಯವರೆಗೂ ತಿಂಡಿ ಗಾಡಿ ಇಡಬಹುದಂತೆ, ಮೂಲೆಗೆ ಕ್ಯಾಮೆರಾ ಬಂದಿದೆಯಂತೆ, ವಾಪಸ್ ಬರಲೇ ಎಂದು ಕೇಳಿದ. "ಹೊಸ ಫಾರಿನ್ ಹುಡುಗ್ರು ಬಂದಾರಂತೆ. ಕ್ಯಾಮೆರಾ ಇರ್ಲಿ ಬಿಡು, ನಿನ್ನ ಬಲ್ಬು ಇದ್ರೆ ನನಗೆ ಧೈರ್ಯ," ಎಂದ.

ಮರುದಿನ ಹರಿಹರದ ಬಸ್ಸು ಹತ್ತಿದೆ. ಲೈಟನ್ನು ಅದರ ಚೀಲದ ಸಮೇತ ಮಡಿಲಲ್ಲಿ ಇಟ್ಟುಕೊಂಡಿದ್ದೆ. ಬಸ್ ಸ್ಟ್ಯಾಂಡಿನ ಪಕ್ಕದ ತನ್ನ ಗಾಡಿಯಲ್ಲಿ ಬಸಣ್ಣ ಎಣ್ಣೆ ಕಾಯಿಸಿ ಮೆಣಸಿನಕಾಯಿ ಬಿಡುತ್ತಿದ್ದ. ಗಿರಾಕಿಗಳು ಇನ್ನೂ ಬಂದಿರಲಿಲ್ಲ. ನಿಂತಲ್ಲೇ ಎಲ್ಲ ಹೇಳಿದೆ. ಬಾಣಲೆಯಲ್ಲಿ ಮೆಣಸಿನಕಾಯಿ ಕಪ್ಪಾದವು. ಅವನು ತೆಗೆಯಲಿಲ್ಲ.

"ಲೈನ್‌ಮನ್ ಸಂಗಾಟ ಜಗಳ ಆಡಿದ್ದೆ ಅಕ್ಕ," ಎಂದ. "ಕರೆಂಟು ಹೋಗೇ ಇಲ್ಲ ಅಂತ ಆಣಿ ಮಾಡಿದ ಆತ. ನಮ್ಮಕ್ಕ ಸುಳ್ಳು ಹೇಳಂಗಿಲ್ಲ ಅಂತ ಅಂಗಿ ಹಿಡ್ದಿದ್ದೆ."

"ತಪ್ಪಾತೋ ತಮ್ಮಾ," ಎಂದೆ.

"ನನಗ್ಯಾಕ ಹೇಳ್ತಿ? ಕೈ ಮುರ್ಕಂಡಾಕಿ ನಾನೇನು?" ಕರಿದ ಎಣ್ಣೆಯ ಕೈಯನ್ನು ಒರೆಸಿಕೊಂಡು ಫೋನು ತೆಗೆದ. ನೀಮಾ ಈಗಲೂ ಹಬ್ಬಕ್ಕೆ ಅವನಿಗೆ ಸಂದೇಶ ಕಳಿಸುತ್ತಾಳೆ. "ಇದನ್ನ ಒತ್ತಿ ಹಿಡ್ಕ. ಮಾತಾಡು. ಆಕಿಗೆ ಹೋಗತೈತೆ," ಎಂದು ನನ್ನ ಕೈಗೆ ಕೊಟ್ಟು, ಮುಖ ಆ ಕಡೆ ತಿರುಗಿಸಿ ನಿಂತ. ನಾನು ಬಸ್ಸು ಹತ್ತುವವರೆಗೂ ಗಾಡಿ ವಾಪಸ್ ತರುತ್ತಾನೋ ಇಲ್ಲವೋ ಹೇಳಲಿಲ್ಲ.

ಇದನ್ನು ಬರೆಯುವಾಗ ಹೊರಗೆ ಬಲ್ಬು ಉರಿಯುತ್ತಿದೆ. ಓಣಿಯಲ್ಲಿ ಯಾರೂ ಇಲ್ಲ. ಶಾರದಮ್ಮನ ಕಿಟಕಿ ತೆರೆದಿದೆ, ಇರಲಿ. ವಾಪಸ್ ತಂದ ಚಾರ್ಜಿಂಗ್ ಲೈಟು ಮೂರು ದಿನದಿಂದ ಪ್ಲಗ್ಗಿನಲ್ಲಿದೆ, ಇನ್ನೂ ಹತ್ತಿಲ್ಲ. ನೀಮಾಳಿಂದ ಉತ್ತರ ಬಂದಿಲ್ಲ. ನನ್ನ ಕನ್ನಡ ಅವಳಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ಆ ಗುಂಡಿ ಒತ್ತಿ ಹಿಡಿದು, ಬಸ್ ಸ್ಟ್ಯಾಂಡಿನ ಗದ್ದಲದ ನಡುವೆ, ನಾನು ಬಾಯಿ ಬಿಟ್ಟು ಹೇಳಿದ್ದು ಇಷ್ಟು:

"ನೀಮಾ, ನಾನು ಅಕ್ಕ. ಅವತ್ತು ಕರೆಂಟು ಹೋಗಿದ್ದಿಲ್ಲ. ಲೈಟು ನಾನೇ ಆರ್ಸಿದ್ದೆ. ನೀ ಕೂಗಿದ್ದು ಕೇಳ್ಸಿತ್ತು, ಬಾಗಲ ಹಿಂದೇ ಇದ್ದೆ. ಮಂದಿಗೆ ಅಂಜಿ ತೆಗೀಲಿಲ್ಲ. ನಂದು ತಪ್ಪಾತು, ತಂಗಿ."