ಕಾರ್ಡುಗಳು ಬಂದಿದ್ದವು, ಅಣ್ಣಾ

ಆ ಕಾರ್ಡುಗಳನ್ನು ಬಚ್ಚಿಟ್ಟವಳು ನಾನೇ, ರಂಗಸಾಮಿ ಅಣ್ಣಾ. ಹನ್ನೊಂದು ಕಾರ್ಡು. ಅಂಚೆಯಲ್ಲಿ ಕಳೆದುಹೋಗಲಿಲ್ಲ, ಬಾರದೆಯೂ ಇರಲಿಲ್ಲ — ನನ್ನ ಕೈಗೇ ಬಂದವು, ನನ್ನ ಕೈಯಿಂದಲೇ ಮಾಯವಾದವು.

ಎಂಬತ್ತರ ದಶಕದ ಕೊಯಮತ್ತೂರು. ಕಾಲೇಜಿನ ಭೌತಶಾಸ್ತ್ರ ವಿಭಾಗದಲ್ಲಿ ನೀವು ಕಾಯಂ ಉಪನ್ಯಾಸಕರು, ನಾನು ವರ್ಷವರ್ಷವೂ ಮುಂದುವರಿಸಿ ಅಂತ ಕೈಮುಗಿಯುವ ತಾತ್ಕಾಲಿಕದವಳು. ನೀವು ವೆಳ್ಳಕೋಯಿಲ್‌ನ ಬೇಸಾಯದ ಮನೆಯವರು, ನಾನು ನೇಕಾರರ ಮಗಳು. ಇಬ್ಬರ ಮನೆಮಾತೂ ಕನ್ನಡ ಅಂತ ಗೊತ್ತಾದ ದಿನವೇ ನಿಮಗೆ ತಂಗಿಯಾದೆ, ಅಮ್ಮಿಣಿಯಾದೆ. ಮದುಕ್ಕರೈಯಿಂದ ಸುಣ್ಣಕಲ್ಲು ತಂದು, ಕುಟ್ಟಿ, ಜರಡಿ ಹಿಡಿದು, ಕತ್ತಲೆಕೋಣೆಯಲ್ಲಿ ಕೂರುತ್ತಿದ್ದೆವು. ವಿಕಿರಣ ತಾಗಿದ ಆ ಪುಡಿಯನ್ನು ಕಾಯಿಸಿದರೆ ಮಿಣುಕು ಬೆಳಕು ಬಿಡುತ್ತದೆ; ಬೆಳಕನ್ನು ಅಳೆದರೆ ಎಷ್ಟು ವಿಕಿರಣ ತಾಗಿತ್ತೆಂದು ತಿಳಿಯುತ್ತದೆ. ಪುಡಿಯನ್ನು ಮೊದಲೇ ಒಮ್ಮೆ ಹುರಿದುಕೊಂಡರೆ ಅಳತೆ ಸರಿಬರುತ್ತದೆ ಎಂದು ಕಂಡುಕೊಂಡವಳು ನಾನು. "ಕಡ್ಲೆಕಾಯಿ ಹುರಿದಂಗೆ" ಅಂತ ನಕ್ಕಿರಿ. ನನ್ನ ಕೆಲಸ ನಿಮಗೆ ಲೆಕ್ಕಕ್ಕಿಲ್ಲವೇನೋ ಎಂಬ ಅನುಮಾನ ಆ ನಗುವಿನಿಂದಲೇ ಶುರುವಾಯಿತು, ನೋಡಿ.

ಲೇಖನವನ್ನು ರಜೆಯಲ್ಲಿ ನೀವೇ ತಿರುಪ್ಪೂರಿನಲ್ಲಿ ಟೈಪ್ ಮಾಡಿಸಿ ವಿದೇಶದ ಪತ್ರಿಕೆಗೆ ಕಳಿಸಿದಿರಿ. ನನ್ನ ಹೆಸರು ಇದೆಯಾ ಅಂದರೆ, "ಅಚ್ಚಾಗಿ ಬರ್ಲಿ, ಆಗ ನೋಡು ಅಮ್ಮಿಣಿ" ಅಂದಿರಿ. ಅಚ್ಚಿನ ಕರಡು ಬಂದ ದಿನ ನಾನು ಒಳಗೆ ಕಾಲಿಟ್ಟೊಡನೆ ಡ್ರಾಯರ್ ಮುಚ್ಚಿದಿರಿ. ಯಾಕೆ ಮುಚ್ಚಿದರು? ಹೆಂಗಸು, ತಾತ್ಕಾಲಿಕದವಳು, ಯಾರು ಕೇಳುತ್ತಾರೆ ಅಂತಲೇ — ನಾನೇ ಕೇಳಿ, ನಾನೇ ಉತ್ತರ ಕೊಟ್ಟುಕೊಂಡೆ. ಎಂಥಾ ಹುಚ್ಚಿ ನಾನು!

ಆಗಿನ ಪದ್ಧತಿ ಹಾಗಿತ್ತು. ಹೊಸ ಲೇಖನಗಳ ಪಟ್ಟಿ ವಿಮಾನದಲ್ಲಿ ಊರೂರಿಗೆ ಹೋಗುತ್ತಿತ್ತು, ಅದರಲ್ಲಿ ಒಂದು ಲೇಖನಕ್ಕೆ ಒಬ್ಬರದೇ ವಿಳಾಸ. ಅಚ್ಚಾದ ಲೇಖನದ ನಮ್ಮ ಪ್ರತಿಗಳ ಕಟ್ಟು ಮಾತ್ರ ಹಡಗಿನಲ್ಲಿ ತಿಂಗಳುಗಟ್ಟಲೆ ತೇಲಿಕೊಂಡು ಬರಬೇಕು. ಪ್ರತಿ ಬೇಕಾದ ವಿದ್ವಾಂಸರು ಅಚ್ಚು ಮಾಡಿದ ಕಾರ್ಡು ಹಾಕುತ್ತಿದ್ದರು. ಕಳಿಸಿದರೆ ಓದುತ್ತಾರೆ, ಓದಿದರೆ ತಮ್ಮ ಲೇಖನದಲ್ಲಿ ನಮ್ಮದನ್ನು ಉಲ್ಲೇಖಿಸುತ್ತಾರೆ. ಟಪಾಲು ವಿಂಗಡಿಸುವವಳು ನಾನು. ಮೊದಲ ಕಾರ್ಡು ಪ್ರಾಗ್‌ನಿಂದ ಬಂತು. ಮೇಲೆ ನಿಮ್ಮೊಬ್ಬರ ಹೆಸರು. ಎರಡನೆಯದರಲ್ಲೂ ನಿಮ್ಮದೇ. ಲೇಖನದಲ್ಲೂ ನಿಮ್ಮೊಬ್ಬರದೇ ಹೆಸರು ಅಂದುಕೊಂಡೆ. ಬಂದದ್ದನ್ನೆಲ್ಲ ಮನೆಗೆ ಒಯ್ದು, ಅಪ್ಪನ ಮಗ್ಗದ ಗುಂಡಿಯ ಗೂಡಿನಲ್ಲಿ, ನೂಲಿನ ಹಿಂದೆ ತುರುಕಿದೆ.

ಅಷ್ಟರಲ್ಲಿ ನಿಮ್ಮ ಬಡ್ತಿಯ ಸಂದರ್ಶನ. ನಮ್ಮ ಕತ್ತಲೆಕೋಣೆ ಉಳಿಯುವುದೂ ಅದರ ಮೇಲೇ ನಿಂತಿತ್ತು. ಹೊರಗಿನವರು ಯಾರಾದರೂ ಈ ಕೆಲಸವನ್ನು ಗಮನಿಸಿದ್ದಾರಾ ಅಂತ ಕೇಳುತ್ತಾರೆಂದು ನಿಮಗೆ ಗೊತ್ತಿತ್ತು. ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿಕೊಂಡು ನನ್ನ ಮೇಜಿನ ಹತ್ತಿರ ಬಂದಿರಿ.

"ಅಮ್ಮಿಣಿ, ಒಂದು ಕಾರ್ಡಾದ್ರೂ ಬಂತಾ?"

"ಇಲ್ಲಣ್ಣಾ. ಒಂದೂ ಬರ್ಲಿಲ್ಲ."

"ಸರಿ, ಪರವಾಗಿಲ್ಲ ಬುಡು" ಅಂದಿರಿ. ನನ್ನನ್ನು ಅನುಮಾನದಿಂದ ಒಂದು ಸಲವಾದರೂ ನೋಡಬಾರದಿತ್ತಾ!

ಬಡ್ತಿ ಬೇರೆಯವರಿಗೆ ಹೋಯಿತು. ಕತ್ತಲೆಕೋಣೆಗೆ ಮುರಿದ ಬೆಂಚುಗಳನ್ನು ತುಂಬಿದರು. ನೀವು ರಾಜೀನಾಮೆ ಕೊಟ್ಟು ವೆಳ್ಳಕೋಯಿಲ್‌ನ ಎಣ್ಣೆ ಗಾಣಕ್ಕೆ ಹೋದಿರಿ. ಮರುತಿಂಗಳು ಪ್ರತಿಗಳ ಕಟ್ಟು ಬಂತು. ಬಿಚ್ಚಿದೆ. ಮೊದಲ ಹೆಸರು ನನ್ನದು, ಅಣ್ಣಾ. ನಿಮ್ಮದು ಎರಡನೆಯದು. ಕೆಳಗೆ ಸಣ್ಣ ಅಕ್ಷರದಲ್ಲಿ: ಪುಡಿಯನ್ನು ಹುರಿಯುವ ವಿಧಾನ ಮೊದಲ ಲೇಖಕಿಯದು, ಪ್ರತಿ ಬೇಕಾದವರು ಎರಡನೆಯವರಿಗೆ ಬರೆಯಬೇಕು. ನನ್ನ ಕೆಲಸ ಯಾವಾಗ ಹೋಗುತ್ತದೋ ಅಂತ ನಿಮ್ಮ ವಿಳಾಸ ಕೊಟ್ಟಿದ್ದಿರಿ, ಅಷ್ಟೇ. ಡ್ರಾಯರ್ ಮುಚ್ಚಿದ್ದು ಅಚ್ಚಾದ ಮೇಲೆ ನನಗೆ ತೋರಿಸಿ ಖುಷಿಪಡಿಸಬೇಕೆಂದು — ಅದಕ್ಕೆ ನಾನು —

ಆಗಲಾದರೂ ಓಡಿಬಂದು ಹೇಳಬಹುದಿತ್ತು. ಹೇಳಲಿಲ್ಲ. ಆ ಲೇಖನ ತೋರಿಸಿಯೇ ನಾನು ಕಾಯಂ ಆದೆ. ಕಾರ್ಡುಗಳಿಗೆ ಉತ್ತರವನ್ನೂ ಬರೆಯಲಿಲ್ಲ. ಬರೆದರೆ ಅವು ಬಂದಿದ್ದವು ಅಂತಾಗುತ್ತಿತ್ತಲ್ಲ. ವರ್ಷವರ್ಷವೂ ಗ್ರಂಥಾಲಯದ ಉಲ್ಲೇಖಸೂಚಿಯಲ್ಲಿ ಬೆರಳಿಟ್ಟು ಹುಡುಕುತ್ತಿದ್ದೆ. ನಮ್ಮ ಲೇಖನವನ್ನು ಉಲ್ಲೇಖಿಸಿದವಳು ನಾನೊಬ್ಬಳೇ. ಕೇಳಿದವರಿಗೆ ನಾನೇ ಕೊಡದಿದ್ದ ಮೇಲೆ ಬೇರೆ ಯಾರು ಓದಬೇಕು? ನಿಮ್ಮ ಹೆಸರಿನ ಜೊತೆ ನನ್ನದನ್ನೂ ಹೂತುಬಿಟ್ಟೆ. ನನ್ನದು ಹಾಳಾಗಲಿ, ನಿಮ್ಮದನ್ನು ಹೂಳುವ ಹಕ್ಕು ನನಗೆಲ್ಲಿತ್ತು?

ಇಷ್ಟು ಬರೆದ ಮೇಲೆ ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ಈ ಅಕ್ಷರ ನಿಮಗೆ ಓದಲು ಬರುವುದಿಲ್ಲ. ನಾವಿಬ್ಬರೂ ಓದಿದ್ದು ತಮಿಳು ಶಾಲೆಯಲ್ಲಿ. ಕನ್ನಡ ಬರೆಯುವುದನ್ನು ನಾನು ಕಲಿತದ್ದು ಕೊಳ್ಳೇಗಾಲದ ಗಂಡನಿಂದ. ಗೊತ್ತಿದ್ದೂ ಇದರಲ್ಲೇ ಬರೆಯಲು ಕೂತೆ — ತಪ್ಪನ್ನು ಒಪ್ಪಿಕೊಂಡ ಹಾಗೂ ಆಗಬೇಕು, ನಿಮಗೆ ತಿಳಿಯಲೂಬಾರದು. ಥೂ! ಇದೂ ಮತ್ತೆ ಬಚ್ಚಿಡುವ ಬುದ್ಧಿಯೇ.

ನಾಳೆ ಬೆಳಿಗ್ಗೆ ಕಾಂಗೇಯಂ ಮೇಲೆ ವೆಳ್ಳಕೋಯಿಲ್‌ಗೆ ಹೋಗುವ ಬಸ್ಸು ಹತ್ತಿ ಬರುತ್ತೇನೆ. ಕಾರ್ಡುಗಳನ್ನು ನಿಮ್ಮ ಕೈಗೆ ಕೊಟ್ಟು, ಎದುರು ಕೂತು, ಇದನ್ನು ಗಟ್ಟಿಯಾಗಿ ಓದುತ್ತೇನೆ. ಓದಿ ಮುಗಿಯುವವರೆಗೆ ನನ್ನನ್ನು ಅಮ್ಮಿಣಿ ಅಂತ ಕರೆಯಬೇಡಿ, ಅಣ್ಣಾ.