ತಂಬಿಟ್ಟು ತಿಂದ ಬೆಳಿಗ್ಗೆ

ಕ್ರೇನಿನ ಏಣಿಯ ಹದಿನಾರನೇ ಮೆಟ್ಟಿಲಲ್ಲಿ ನಮ್ಮ ಯಜಮಾನರು ನಿಂತುಬಿಟ್ಟರು. ಮೇಲಕ್ಕೂ ಹೋಗಲಿಲ್ಲ, ಕೆಳಕ್ಕೂ ಬರಲಿಲ್ಲ. ಕಣ್ಣು ಕತ್ತಲೆ ಬಂದಿತ್ತಂತೆ. ಇಬ್ಬರು ಹತ್ತಿ ಹೋಗಿ, ಸೊಂಟಕ್ಕೆ ಹಗ್ಗ ಕಟ್ಟಿ, ಒಂದೊಂದೇ ಮೆಟ್ಟಿಲು ಇಳಿಸಿದರು. ಇದನ್ನು ನನಗೆ ಹೇಳಿದ್ದು ಅವರಲ್ಲ, ಅವರ ಜೊತೆ ಕೆಲಸ ಮಾಡುವ ನಾರಾಯಣಪ್ಪ.

ಯಜಮಾನರ ಹೆಸರು ಮುನಿರಾಜು. ಮಾರತ್ತಹಳ್ಳಿಯ ಆಚೆಗಿನ ಸರ್ಕಾರಿ ಕಾರ್ಖಾನೆಯಲ್ಲಿ ಹನ್ನೊಂದು ವರ್ಷದಿಂದ ಕ್ರೇನ್ ಆಪರೇಟರ್. ಛಾವಣಿಯ ಕೆಳಗೆ ಹಳಿಯ ಮೇಲೆ ಓಡಾಡುವ ಕ್ರೇನು ಅದು. ಅದರ ಕ್ಯಾಬಿನ್ನಿನಲ್ಲಿ ಕೂತರೆ ಇಡೀ ವರ್ಕ್‌ಶಾಪು ಕಾಣುತ್ತದೆ, ಯಾರು ಬೀಡಿ ಸೇದಲು ಹೋದರು ಎನ್ನುವುದು ಕೂಡ. ಮನೆಯಲ್ಲಿ ಬಾಯಿ ಬಿಡದ ಮನುಷ್ಯ ಆ ಕ್ಯಾಬಿನ್ನಿನ ಮಾತು ಬಂದರೆ ಮಾತ್ರ ನಿಲ್ಲಿಸುತ್ತಿರಲಿಲ್ಲ.

ಕಾರ್ಖಾನೆಯ ಡಾಕ್ಟರ್ ಬಿ.ಪಿ. ನೋಡಿದರು, ಶುಗರ್ ನೋಡಿದರು. ಡಿಸ್ಪೆನ್ಸರಿಯ ತೂಕದ ಯಂತ್ರದ ಮುಳ್ಳು ಕೊನೆಗೆ ಹೋಗಿ ನಿಂತಿತು. ಕಬ್ಬಿಣ ತೂಗುವ ಸ್ಟೋರ್ಸ್ ಕಾಟಾದ ಮೇಲೆ ನಿಲ್ಲಿಸಿದರು. ನೂರ ನಲವತ್ತೆಂಟು ಕೆ.ಜಿ.

"ತೂಕ ಇಳಿಯೋವರೆಗೂ ಏಣಿ ಮುಟ್ಟಬೇಡ ಮುನಿರಾಜು."

ಅಂದಿನಿಂದ ಸ್ಟೋರ್ಸಿನಲ್ಲಿ ಕೂರಿಸಿ ಚೀಟಿ ಬರೆಸಿದರು. ಒಂದು ವರ್ಷ ಮುದ್ದೆ ಬಿಟ್ಟರು, ಅನ್ನ ಬಿಟ್ಟರು, ಕೆರೆ ಏರಿಯ ಮೇಲೆ ನಡೆದರು. ಆರು ಕೆ.ಜಿ. ಹೋಯಿತು, ಎಂಟು ಕೆ.ಜಿ. ಬಂತು. ನಿದ್ದೆಯಲ್ಲಿ ಅವರ ಉಸಿರು ನಿಲ್ಲುತ್ತಿತ್ತು. ಮತ್ತೆ ಬರುವವರೆಗೆ ನಾನೂ ಉಸಿರು ಹಿಡಿದು ಎಣಿಸುತ್ತಿದ್ದೆ.

ಆಗ ಕಾರ್ಖಾನೆಯ ಡಾಕ್ಟರ್ ಒಂದು ವಿಷಯ ಹೇಳಿದರು. ಸಿಟಿಯ ದೊಡ್ಡ ಆಸ್ಪತ್ರೆಯೊಂದಕ್ಕೆ ಹೊರದೇಶದ ಸರ್ಜನ್ ಎರಡು ವಾರಕ್ಕೆ ಬರುತ್ತಾರೆ, ಹೊಟ್ಟೆಯ ಚೀಲವನ್ನು ಪಿನ್ನು ಹಾಕಿ ಚಿಕ್ಕದು ಮಾಡುವ ಆಪರೇಷನ್ನನ್ನು ಇಲ್ಲಿನವರಿಗೆ ಕಲಿಸುತ್ತಾರೆ ಎಂದು. ಹೆಸರು ಕೊಟ್ಟು ಬಂದೆವು. ಪಟ್ಟಿ ತುಂಬಿದೆ ಎಂದರು. ಮರೆತೆವು.

ಒಂದು ಮಂಗಳವಾರ ಡಿಸ್ಪೆನ್ಸರಿಯ ಕಾಂಪೌಂಡರ್ ಸೈಕಲ್ಲಿನಲ್ಲಿ ಕ್ವಾರ್ಟರ್ಸಿಗೆ ಬಂದ. "ಅಕ್ಕ, ಆಸ್ಪತ್ರೆಯಿಂದ ಫೋನ್ ಬಂದಿತ್ತು. ಪಟ್ಟೀಲಿ ಇದ್ದೋರು ಒಬ್ರು ಹೆದರ್ಕೊಂಡು ಬರಲ್ಲ ಅಂದ್ರಂತೆ. ಮುಂದಿನ ಬುಧವಾರ ನಿಮ್ಮೋರಿಗೆ. ಬರ್ತೀರೋ ಇಲ್ವೋ ನಾಳೆ ಹೇಳ್ಬೇಕಂತೆ."

ಎಂಟು ದಿನ.

ಯಜಮಾನರು ಗೋಡೆ ನೋಡುತ್ತಾ, "ಹೂಂ ಅಂತ ಹೇಳ್ಬಿಡು ಜಯಾ" ಎಂದರು. ನಾನು ಹೇಳಿದೆ. ಅಳು ಬರಲಿಲ್ಲ, ಭಯವೂ ಆಗಲಿಲ್ಲ. ಅವತ್ತು ಮಧ್ಯಾಹ್ನ ಸಾರಿಗೆ ಉಪ್ಪು ನೋಡಲು ಬಾಯಿಗೆ ಹಾಕಿಕೊಂಡರೆ ಏನೂ ಗೊತ್ತಾಗಲಿಲ್ಲ. ಇನ್ನೊಮ್ಮೆ ನೋಡಿದೆ. ಉಪ್ಪು, ಹುಳಿ, ಖಾರ ಒಂದೂ ಇಲ್ಲ. ನೆಗಡಿ ಇರಬೇಕು ಅಂದುಕೊಂಡೆ. ನೆಗಡಿ ಇರಲಿಲ್ಲ.

ಆಸ್ಪತ್ರೆಯ ಡಾಕ್ಟರ್ ಸುಮಾರು ನಲವತ್ತರ ವಯಸ್ಸಿನವರು, ನೇರ ಮಾತು. "ಇಲ್ಲಿ ಇದು ಹೊಸದು. ಇಷ್ಟು ತೂಕದೋರಿಗೆ ಮತ್ತಿನ ಔಷಧಿ ಕೊಡೋದೇ ಕಷ್ಟ. ಸುಮ್ನೆ ಭರವಸೆ ಕೊಡಲ್ಲ" ಎಂದರು. ಯಜಮಾನರು ಕೇಳಿದ್ದು ಒಂದೇ ಪ್ರಶ್ನೆ.

"ಆಮೇಲೆ ಏಣಿ ಹತ್ತಬಹುದಾ ಸಾರ್?"

"ತೂಕ ಇಳಿದ್ರೆ ಹತ್ತಬಹುದು."

ಅಷ್ಟಕ್ಕೇ ಸಹಿ ಹಾಕಿದರು.

ಆ ಎಂಟು ದಿನ ನಾನು ಯಂತ್ರದಂತೆ ಓಡಾಡಿದೆ. ರಕ್ತ ಕೊಡಲು ನಾಲ್ಕು ಜನ ಬೇಕಿತ್ತು. ನಾರಾಯಣಪ್ಪ ಶಾಪಿನಿಂದ ಒಂಬತ್ತು ಜನರನ್ನು ಕರೆತಂದು, "ಗುರು, ನಮ್ಮ ರಕ್ತ ಕುಡಿದಾದ್ರೂ ಮೇಲೆ ಹತ್ತು. ಈಗ ಬಂದಿರೋನು ಕ್ರೇನನ್ನ ಎತ್ತಿನ ಗಾಡಿ ಥರ ಓಡಿಸ್ತಾನೆ" ಎಂದ. ಆಸ್ಪತ್ರೆಯ ಗೌನು ಅವರ ಒಂದು ತೋಳಿಗೂ ಸಾಲುತ್ತಿರಲಿಲ್ಲ. ನಮ್ಮ ಮದುವೆಯ ಬೆಡ್‌ಶೀಟನ್ನೇ ಕತ್ತರಿಸಿ ಹಿಂದೆ ಕಟ್ಟುವ ಹಾಗೆ ಹೊಲಿದೆ. ಎಕ್ಸ್‌ರೇ, ಇ.ಸಿ.ಜಿ., ಮತ್ತೆ ರಕ್ತ, ಮತ್ತೆ ಮೂತ್ರ. ಶಿವಾಜಿನಗರದ ಬಸ್ಸಿನಲ್ಲಿ ಅವರು ಕೂತರೆ ಪಕ್ಕದ ಜಾಗದಲ್ಲಿ ಯಾರೂ ಕೂರುವಂತಿರಲಿಲ್ಲ, ನಾನು ನಿಂತೇ ಹೋಗುತ್ತಿದ್ದೆ.

ಆಪರೇಷನ್ನಿನವರೆಗೂ ಬರೀ ನೀರು ಪದಾರ್ಥ ಎಂದಿದ್ದರು. ತಿಳಿಗಂಜಿ, ಮಜ್ಜಿಗೆ, ಬೇಳೆಕಟ್ಟು. ದೊಡ್ಡನೆಕ್ಕುಂದಿಯಿಂದ ಅತ್ತೆ ಒಂದು ಪಾತ್ರೆ ಶಾವಿಗೆ ಪಾಯಸ ತಂದರು. "ಇದೂ ನೀರಾಗೇ ಐತಲ್ಲವ್ವ" ಎಂದರು. ನಾನು ಸಿಡುಕಿದೆ. ಪಾತ್ರೆ ಹಾಗೇ ವಾಪಸ್ಸು ಹೋಯಿತು. ಅಷ್ಟು ಕಟ್ಟುನಿಟ್ಟಿನವಳು ನಾನು. ಇದನ್ನು ಏಕೆ ಹೇಳುತ್ತಿದ್ದೇನೆಂದರೆ, ಮುಂದಿನದ್ದನ್ನು ಮಾಡಿದವಳೂ ನಾನೇ.

ಮಂಗಳವಾರ ಅಡ್ಮಿಟ್ ಆದೆವು. ರಾತ್ರಿ ಹತ್ತರ ನಂತರ ಏನೂ ಕೊಡಬೇಡಿ, ನೀರೂ ಬೇಡ ಎಂದು ಸಿಸ್ಟರ್ ಎರಡು ಸಲ ಹೇಳಿದರು.

ಬುಧವಾರ ಆರೂವರೆಗೆ ಅತ್ತೆ ಬಂದರು. ಮೊದಲ ಬಸ್ಸು ಹಿಡಿದಿದ್ದರು. ಹಿಂದಿನ ಸಂಜೆ ಊರಿನ ಮಾರಮ್ಮನಿಗೆ ಮಗನ ಹೆಸರಿನಲ್ಲಿ ತಂಬಿಟ್ಟಿನ ಆರತಿ ಎತ್ತಿದ್ದರು. ಆರತಿ ಎತ್ತಿದ ಉಂಡೆ ಸ್ಟೀಲ್ ಡಬ್ಬಿಯಲ್ಲಿತ್ತು. ಅಕ್ಕಿಹಿಟ್ಟು, ಬೆಲ್ಲ, ತುಪ್ಪ, ಹುರಿಗಡಲೆ. ಮುಷ್ಟಿ ಗಾತ್ರ.

"ಅಮ್ಮನ ಪ್ರಸಾದ ಕಣಪ್ಪ. ಆಪರೇಸನ್ನಿಗೆ ಓಗೋ ಮುಂಚೆ ಬಾಯಿಗಾಕ್ಕೊ."

ಯಜಮಾನರು ನನ್ನ ಮುಖ ನೋಡಿದರು. ನಾನೇ ಉಂಡೆಯನ್ನು ತೆಗೆದು ಅವರ ಕೈಗಿಟ್ಟೆ. ಅವರು ಕಣ್ಣು ಮುಚ್ಚಿಕೊಂಡು ನಿಧಾನವಾಗಿ ಪೂರ್ತಿ ತಿಂದರು. ಡಬ್ಬಿಯ ತಳದಲ್ಲಿ ಉಳಿದ ಪುಡಿಯನ್ನು ನಾನೂ ಬಾಯಿಗೆ ಹಾಕಿಕೊಂಡೆ, ಬೆಲ್ಲದ ರುಚಿಯೂ ಗೊತ್ತಾಗಲಿಲ್ಲ. ಎಂಟು ದಿನ ಗಂಜಿ ಕುಡಿದ ಬಾಯಿ. ಇನ್ನು ಮುಂದೆ ಇಷ್ಟು ತಿನ್ನುವಂತಿಲ್ಲ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆಮೇಲೆ ನೀರು ಕೇಳಿದರು. ಸಿಸ್ಟರ್ ಬೇಡ ಎಂದಿದ್ದಾರೆ ಅಂತ ನೀರು ಕೊಡಲಿಲ್ಲ.

ಹೌದು, ನೀರು ಕೊಡಲಿಲ್ಲ.

ಅರ್ಧ ಗಂಟೆ ಬಿಟ್ಟು ಸಿಸ್ಟರ್ ಬಂದು, ಏನಾದರೂ ತಿಂದಿರಾ, ಕುಡಿದಿರಾ ಎಂದು ಕೇಳಿದರು. ಇಬ್ಬರೂ ಇಲ್ಲ ಎಂದೆವು. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ನಮ್ಮ ಮನೆಗಳಲ್ಲಿ ಪ್ರಸಾದ ಊಟದ ಲೆಕ್ಕಕ್ಕೆ ಬರುವುದಿಲ್ಲ. ಶನಿವಾರ ಉಪವಾಸ ಇದ್ದು ದೇವಸ್ಥಾನದಲ್ಲಿ ದೊನ್ನೆ ತುಂಬ ಪುಳಿಯೋಗರೆ ತಿಂದು ಬಂದರೂ ಅದು ಉಪವಾಸವೇ. ಹುಟ್ಟಿದಾಗಿನಿಂದ ಹಾಗೇ ನಡೆದುಬಂದಿದೆ. ತಲೆಯಲ್ಲಿ ಬೇರೆ ಯೋಚನೆ ಹೊಳೆಯಲೇ ಇಲ್ಲ.

ಎಂಟೂವರೆಗೆ ಸ್ಟ್ರೆಚರಿನಲ್ಲಿ ತಳ್ಳಿಕೊಂಡು ಹೋದರು. ಬಾಗಿಲು ಮುಚ್ಚಿತು. ಹೊರಗೆ ಬೆಂಚಿನ ಮೇಲೆ ಇನ್ನೊಬ್ಬ ಪೇಷೆಂಟಿನ ಕಡೆಯ ಹೆಂಗಸು ಕೂತಿದ್ದರು. ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತಾ, "ಮುಖ ಬಾಡೋಗಿದೆ, ಏನಾದ್ರೂ ತಿಂದ್ರೇನ್ರೀ?" ಎಂದು ಕೇಳಿದರು.

"ಇಲ್ಲ ಕಣ್ರೀ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಒಂಚೂರು ತಂಬಿಟ್ಟು ಬಿಟ್ರೆ" ಎಂದೆ.

ಹೇಳಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು.

ಎದ್ದು ಹೋಗಿ ಬಾಗಿಲು ಬಡಿದೆ. ಎರಡೂ ಕೈಯಲ್ಲಿ ಬಡಿದೆ. ಸಿಸ್ಟರ್ ಬಂದರು. "ಅವರು ತಿಂದಿದಾರೆ" ಎಂದೆ. ಎಷ್ಟು ಎಂದು ಕೇಳಿದರು. ಮುಷ್ಟಿ ಮಡಚಿ ತೋರಿಸಿದೆ. ಅವರು ಒಳಗೆ ಓಡಿದರು. ಸ್ವಲ್ಪ ಹೊತ್ತಿಗೆ ಡಾಕ್ಟರ್ ಹೊರಗೆ ಬಂದರು.

"ಹೊಟ್ಟೆಯಲ್ಲಿ ತಿಂಡಿ ಇದ್ರೆ ಮತ್ತಿನಲ್ಲಿ ಬಾಯಿಗೆ ಬರುತ್ತೆ, ಅದು ಶ್ವಾಸಕೋಶಕ್ಕೆ ಹೋಗುತ್ತೆ. ಈಗಿರೋ ಉಸಿರೂ ನಿಂತುಹೋಗುತ್ತೆ. ಯಾರ್ರೀ ತಿಂಡಿ ಕೊಟ್ಟಿದ್ದು?"

ಹಿಂದೆ ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು.

"ನಾನೇ ತಿಂಡಿ ಕೊಟ್ಟೆ ಸಾರ್."

ಅವರು ಬೈಯಲಿಲ್ಲ. ಮತ್ತಿನ ಔಷಧಿ ಇನ್ನೂ ಕೊಟ್ಟಿರಲಿಲ್ಲ, ಅಷ್ಟು ಒಳ್ಳೆಯದಾಯಿತು ಎಂದರು. ಗುರುವಾರ ಇಬ್ಬರು ಇದ್ದಾರೆ, ಹೊರದೇಶದ ಸರ್ಜನ್ ಶುಕ್ರವಾರ ಸಂಜೆ ಹೊರಡುತ್ತಾರೆ, ಶುಕ್ರವಾರ ಬೆಳಿಗ್ಗೆ ಮಾಡುತ್ತಾರೇನೋ ಕೇಳಿ ನೋಡುತ್ತೇನೆ, ಖಾತ್ರಿ ಇಲ್ಲ ಎಂದು ಒಳಗೆ ಹೋದರು.

ಯಜಮಾನರು ವಾರ್ಡಿಗೆ ವಾಪಸ್ಸು ಬಂದು ಗೋಡೆಯ ಕಡೆ ತಿರುಗಿ ಮಲಗಿದರು. ಅತ್ತೆ, "ದೇವ್ರ ಪ್ರಸಾದಾನ ಎಲ್ರ ಮುಂದೆ ತಿಂಡಿ ಅಂದ್ಬುಟ್ಯಲ್ಲ. ಕೆಟ್ಟದ್ದಾದ್ರೆ ನಿನ್ ಬಾಯಿಂದ್ಲೇ" ಎಂದು ಡಬ್ಬಿ ಎತ್ತಿಕೊಂಡು ಊರಿಗೆ ಹೊರಟುಹೋದರು. ಎರಡು ದಿನ ನನ್ನ ಜೊತೆ ಯಾರೂ ಮಾತಾಡಲಿಲ್ಲ. ನನಗೂ ಬೇಕಿರಲಿಲ್ಲ. ಕೈ ನೋಡಿಕೊಳ್ಳುತ್ತಾ ಕೂತಿದ್ದೆ. ಉಂಡೆ ಕೊಟ್ಟಿದ್ದೂ ಇದೇ ಕೈ, ಬಾಗಿಲು ಬಡಿದಿದ್ದೂ ಇದೇ ಕೈ. ಯಾವುದಕ್ಕೆ ಅಳಬೇಕೋ ಗೊತ್ತಾಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಏಳಕ್ಕೆ ಕರೆದುಕೊಂಡು ಹೋದರು. ಹೋಗುವಾಗ ಯಜಮಾನರು, "ಇವತ್ತು ಏನೂ ತಿಂದಿಲ್ಲ ಜಯಾ" ಎಂದರು. ನನಗೆ ಅಲ್ಲ, ಸಿಸ್ಟರಿಗೆ ಕೇಳಲಿ ಎಂದು ಹೇಳಿದ ಹಾಗಿತ್ತು. ನಾಲ್ಕು ಗಂಟೆ ಹಿಡಿಯಿತು. ಆಮೇಲೆ ಮೂಗಿನಲ್ಲಿ ನಳಿಕೆ, ಹೊಟ್ಟೆಗೆ ಬೆಲ್ಟು, ಔಷಧಿಯ ಪುಟ್ಟ ಲೋಟದಲ್ಲಿ ಗಂಟೆಗೊಮ್ಮೆ ನೀರು. ಆರನೇ ದಿನ ಗಾಯ ಕೀವುಗಟ್ಟಿತು. ಇನ್ನೂ ಹದಿನೈದು ದಿನ ಅಲ್ಲೇ ಇದ್ದೆವು.

ಈಗ ಮೂರು ತಿಂಗಳಾಗಿದೆ. ಮೂವತ್ತೊಂದು ಕೆ.ಜಿ. ಇಳಿದಿದ್ದಾರೆ. ಮೊನ್ನೆಯೂ ಸ್ಟೋರ್ಸ್ ಕಾಟಾದ ಮೇಲೇ ತೂಗಿದರಂತೆ. ಅವಸರದಲ್ಲಿ ನುಂಗಿದರೆ ವಾಂತಿ. ಕೂದಲು ಉದುರುತ್ತಿದೆ. ಕಾರ್ಖಾನೆಯ ಡಾಕ್ಟರ್ ಏಣಿಯ ಬಗ್ಗೆ ಇನ್ನೂ ಹೂಂ ಎಂದಿಲ್ಲ, ಆರು ತಿಂಗಳು ತುಂಬಲಿ ಎಂದಿದ್ದಾರೆ. ಆದರೆ ಮಲಗಿದಾಗ ಉಸಿರು ನಿಲ್ಲುವುದಿಲ್ಲ. ಎಣಿಸುವ ಕೆಲಸ ತಪ್ಪಿದೆ. ಸದ್ಯಕ್ಕೆ ನನಗೆ ಅಷ್ಟು ಸಾಕು.

ಕಳೆದ ಮಂಗಳವಾರ ಅತ್ತೆ ಬಂದರು. ಆಸ್ಪತ್ರೆಯಿಂದ ಹೋದ ಮೇಲೆ ನನ್ನ ಜೊತೆ ನೇರವಾಗಿ ಮಾತಾಡಿರಲಿಲ್ಲ. ಅದೇ ಸ್ಟೀಲ್ ಡಬ್ಬಿ. ಹರಕೆ ತೀರಿಸಿ ಮತ್ತೆ ಆರತಿ ಎತ್ತಿದ್ದರು. ಮಗ ಎದುರಿಗೇ ಕೂತಿದ್ದರೂ ಡಬ್ಬಿಯನ್ನು ನನ್ನ ಮುಂದೆ ಇಟ್ಟು ಮುಚ್ಚಳ ತೆಗೆದರು. ಉಗುರಿನಿಂದ ಉಂಡೆಯ ಅಂಚನ್ನು ಚಿವುಟಿ, ಹುಣಸೆಬೀಜದಷ್ಟನ್ನು ಬೆರಳ ತುದಿಯಲ್ಲಿ ಹಿಡಿದರು.

"ಇಷ್ಟು ಕೊಡಬೌದೇನವ್ವ?"

"ಅಷ್ಟು ಕೊಡಿ ಅತ್ತೆ" ಎಂದೆ.

ಯಜಮಾನರು ಅದನ್ನು ಬಹಳ ಹೊತ್ತು ಅಗಿದರು. ಉಳಿದ ಉಂಡೆ ನನ್ನ ಪಾಲಿಗೆ ಬಂತು. ಅಡುಗೆಮನೆಗೆ ಹೋಗಿ ಒಬ್ಬಳೇ ನಿಂತು ಬಾಯಿಗೆ ಹಾಕಿಕೊಂಡೆ. ಬೆಲ್ಲ ಜಾಸ್ತಿಯಾಗಿತ್ತು. ಇನ್ನೊಂದು ತುಂಡು ಮುರಿದು ನೋಡಿದೆ. ಹೌದು, ಬೆಲ್ಲ ಜಾಸ್ತಿಯಾಗಿತ್ತು. ಆಗ ಅಳು ಬಂತು.